ನೀರು ಹಾಕದ ಕೈ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಶಾಲೆಯ ಕಾರಿಡಾರಿನಲ್ಲಿ ಮೊದಲು ಬರುವುದು ಇಪ್ಪತ್ತೇಳು ಬೀಗದ ಕೈಗಳ ಸದ್ದು. ಆಮೇಲೆ ಆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದಜ್ಜಿ. ಒಂದನೇ ತರಗತಿಯ ಬಾಗಿಲು ತೆಗೆದವರು ಪೊರಕೆಗೆ ಕೈ ಹಾಕುವುದಿಲ್ಲ. ಕಿಟಕಿಗಳನ್ನು ತೆರೆಯುತ್ತಾರೆ. ಚಳಿ ಬಿಟ್ಟಿದೆ; ಹೊರಗಿನ ಮರ ನಿನ್ನೆಗಿಂತ ಒಂದು ಕೈ ಹೆಚ್ಚೇ ಚಿಗುರಿದೆ.

ಕಿಟಕಿಯ ಕಟ್ಟೆಯ ಮೇಲೆ ಮೂವತ್ತನಾಲ್ಕು ಕಾಗದದ ಲೋಟಗಳು. ಒಂದೊಂದರಲ್ಲೂ ಮಣ್ಣು, ಮಣ್ಣೊಳಗೆ ಒಂದು ಹುರುಳಿಕಾಯಿ ಬೀಜ. ಬಾಟಲಿಯ ಮುಚ್ಚಳದಲ್ಲಿ ಅಳೆದು ಮೂವತ್ತಮೂರಕ್ಕೆ ನೀರು ಹಾಕುತ್ತಾರೆ. ಕೊನೆಯ ಲೋಟದ ಮುಂದೆ ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನೋಡುತ್ತಾರೆ.

"ಈ ಕೈ ನನ್ನ ಮಾತು ಕೇಳಲ್ಲ. ಅದಕ್ಕೇ ಕಟ್ಟಿ ಹಾಕ್ತೀನಿ," ಎಂದು ಪತ್ರಿಕೆಯಿಂದ ಬಂದವರಿಗೆ ಹೇಳುತ್ತಾರೆ.

ಕೈಯ ಮೇಲಿನ ಈ ಅಪನಂಬಿಕೆಗೆ ನಾಲ್ಕು ವರ್ಷದ ಇತಿಹಾಸವಿದೆ. ವಸಂತ ಬಂತೆಂದರೆ ಈ ತರಗತಿಯಲ್ಲಿ ಪಾಠ ನಡೆಸುವವರು ಮಕ್ಕಳೇ. ಪ್ರಶ್ನೆ ಅವರದು, ಪ್ರಯೋಗ ಅವರದು. ಟೀಚರ್ ಸೀಮೆಸುಣ್ಣ ಹಿಡಿದು ಪಕ್ಕಕ್ಕೆ ನಿಲ್ಲುತ್ತಾರೆ. ನಾಲ್ಕು ವರ್ಷದ ಹಿಂದಿನ ಮಕ್ಕಳು ಆರು ಲೋಟಗಳಿಗೆ ನೀರು ಹಾಕಬಾರದೆಂದು ತೀರ್ಮಾನಿಸಿದ್ದರು. ಅದನ್ನು ಬೀಗದಜ್ಜಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಣಗಿದ ಮಣ್ಣು ಕಂಡು ಅವರು ನೀರಿನ ಬಾಟಲಿ ಎತ್ತಿಕೊಂಡರು. ಆರೂ ಬೀಜಗಳು ಭರ್ಜರಿಯಾಗಿ ಮೊಳೆತವು. 'ಬೀಜಕ್ಕೆ ನೀರು ಬೇಡ' ಎಂದು ಮಕ್ಕಳು ಗೇಣುದ್ದದ ಅಕ್ಷರಗಳಲ್ಲಿ ಬರೆದು ಕಾರಿಡಾರಿನಲ್ಲಿ ತೂಗುಹಾಕಿದರು. ಟೀಚರ್ ಒಂದು ವಾರ ತಲೆ ಕೆರೆದುಕೊಂಡರು.

ನಿಧಾನವಾಗಿ ಕೂಡಿಸಿ ಓದುವ ಬೀಗದಜ್ಜಿ ಆ ಹಾಳೆಯನ್ನು ಓದಿ ಮುಗಿಸಿದಾಗ ತಾನು ಮಾಡಿದ್ದು ಅರ್ಥವಾಯಿತು. ಮರುದಿನ ತರಗತಿಯ ಬಾಗಿಲಲ್ಲಿ ನಿಂತು ತಪ್ಪೊಪ್ಪಿಕೊಂಡರು. ಬೈಗುಳ ಬರಲಿಲ್ಲ. ಹಿಂದಿನ ಬೆಂಚಿನಿಂದ ಬಂದದ್ದು ವಿಚಾರಣೆ.

"ಎಷ್ಟು ಹಾಕಿದ್ರಿ?"

"ಒಂದು ಮುಚ್ಚಳ, ಅಷ್ಟೇನಪ್ಪ."

"ದಿನಾನಾ?"

"ಭಾನುವಾರ ಬಿಟ್ಟು."

ಮಕ್ಕಳು ಹಾಳೆ ಇಳಿಸಿ ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ 'ಅಜ್ಜಿ ಹಾಕಿದ ಒಂದು ಮುಚ್ಚಳ ಸಾಕು' ಎಂದು ಬರೆದರು. ಅದು ಇವತ್ತಿಗೂ ಅಲ್ಲೇ ಇದೆ. ಅಂದಿನಿಂದ ಪ್ರತಿ ಪ್ರಯೋಗದಲ್ಲೂ ಬೀಗದಜ್ಜಿಗೆ ಅಧಿಕೃತ ಹುದ್ದೆ, ಪ್ರತಿ ಲೋಟಕ್ಕೂ ಚಿತ್ರದ ಚೀಟಿ: ಕೊಡ ಇದ್ದರೆ ನೀರು ಹಾಕಬೇಕು, ಕೊಡದ ಮೇಲೆ ಕೆಂಪು ಗೀಟು ಇದ್ದರೆ ಮುಟ್ಟಲೇಬಾರದು.

ಹನ್ನೊಂದು ಕೋಣೆ ಗುಡಿಸುವುದು, ನಾಲ್ಕು ಡ್ರಮ್ಮು ನೀರು ತುಂಬಿಸುವುದು, ದಿನಕ್ಕೆ ಆರು ಸಲ ಗಂಟೆ ಬಾರಿಸುವುದು ಇವೆಲ್ಲ ಹತ್ತೊಂಬತ್ತು ವರ್ಷಗಳಿಂದ ಸಲೀಸು. ಗಂಡ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ಅವನ ಊಟ ಕಟ್ಟಿ, ಅವನಿಗಿಂತ ಮುಂಚೆ ಶಾಲೆಗೆ ಬಂದು ಬಾಗಿಲು ತೆಗೆದವರು ಇವರು. ಕಷ್ಟದ ಕೆಲಸ ಯಾವುದೆಂದು ಕೇಳಿದರೆ ಮಾತ್ರ ಮೂವತ್ತನಾಲ್ಕನೆಯ ಲೋಟ ತೋರಿಸುತ್ತಾರೆ.

ಸೊಸೆ ನಗುತ್ತಾಳೆ. "ಮನೇಲಿ ಮೂರು ಕುಂಡ ಕೊಳೆಸಿದ್ದಾರೆ, ನೀರು ಹುಯ್ದೂ ಹುಯ್ದೂ. ಈಗ ಮಗ್ಗು ಬಚ್ಚಿಡ್ತೀನಿ. ಅಂಥವರನ್ನ ಕಾವಲಿಗೆ ಇಟ್ಟಿದ್ದಾರಲ್ಲ, ಆ ಮಕ್ಕಳ ಧೈರ್ಯ ನೋಡಿ!"

ಈ ವರ್ಷದ ಮಕ್ಕಳು ಗೋಡೆಯ ಹಾಳೆ ಓದಿಸಿಕೊಂಡು, ಒಂದು ಮುಚ್ಚಳವೂ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಚೀಟಿ ಎತ್ತಿದಾಗ ಒಣ ಲೋಟ ಬಂದದ್ದು ಜುಟ್ಟಮ್ಮನಿಗೆ. ನೆತ್ತಿಯ ಮೇಲೊಂದು ಕಾರಂಜಿ ಜುಟ್ಟು, ಮುಂದಿನ ಎರಡು ಹಲ್ಲು ಖಾಲಿ. ಒಂಬತ್ತನೆಯ ದಿನ, ಎಲ್ಲರ ಲೋಟದಲ್ಲೂ ಹಸಿರು ತಲೆ ಎತ್ತಿರುವಾಗ, ಬೇಗ ಬಂದು ಅಜ್ಜಿಯ ಸೆರಗು ಹಿಡಿದಳು.

"ಅಜ್ಜೀ, ಒಂದೇ ಒಂದು ಹನಿ."

"ಆಗಲ್ಲ ಕಣೇ."

"ಯಾರಿಗೂ ಗೊತ್ತಾಗಲ್ಲ."

"ಬೀಜಕ್ಕೆ ಗೊತ್ತಾಗತ್ತೆ. ಆಮೇಲೆ ಅದು ಗೋಡೆ ಮೇಲೆ ಸುಳ್ಳು ಬರೆಸತ್ತೆ. ನನಗೆ ಒಂದ್ಸಲ ಸಾಕಾಗಿದೆ."

"ಸತ್ತೋದ್ರೆ?"

ಅಜ್ಜಿ ಅದನ್ನೇ ಟೀಚರನ್ನು ಗುಟ್ಟಾಗಿ ಕೇಳಿದರೆ, "ಕಾದು ನೋಡೋಣಮ್ಮ," ಎಂದರಂತೆ. "ಓದಿದವರು ಹಾಗೇ, ಗೊತ್ತಿದ್ರೂ ಬಾಯಿ ಬಿಡಲ್ಲ," ಎಂದು ಬೀಗದಜ್ಜಿಯ ದೂರು.

ಹದಿನೈದನೆಯ ದಿನ ಒಣ ಮಣ್ಣನ್ನು ಹಾಳೆಯ ಮೇಲೆ ಸುರಿಯುತ್ತಾರೆ. ಬೀಜ ಹಾಕಿದ ದಿನದಷ್ಟೇ ಗಟ್ಟಿ. ಜುಟ್ಟಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಳದೆ, "ಇದು ಸತ್ತಿದೆಯಾ, ಕಾಯ್ತಾ ಇದೆಯಾ?" ಎನ್ನುತ್ತಾಳೆ. ಟೀಚರ್ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಬೀಜ ಮತ್ತೆ ಮಣ್ಣಿಗೆ ಸೇರುತ್ತದೆ. ಕೆಂಪು ಗೀಟಿನ ಚೀಟಿ ಕಿತ್ತು, ಬರೀ ಕೊಡದ ಚೀಟಿ ಅಂಟಿಸಿ, ಮೂವತ್ತನಾಲ್ಕು ಮಕ್ಕಳು ಬೀಗದಜ್ಜಿಯ ಕಡೆ ತಿರುಗುತ್ತಾರೆ. ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿ ಮುಚ್ಚಳ ಎತ್ತಿಕೊಳ್ಳುತ್ತಾರೆ. ಒಂದೇ ಮುಚ್ಚಳ, ಹೆಚ್ಚಿಲ್ಲ.

ಅದಾಗಿ ಆರನೆಯ ಬೆಳಗು. ಬೀಗ ತೆಗೆದು, ಕಿಟಕಿ ತೆರೆದು ಬೀಗದಜ್ಜಿ ಬಗ್ಗಿ ನೋಡುತ್ತಾರೆ. ಮಣ್ಣು ಬಿರಿದಿದೆ. ಬಿರುಕಿನಲ್ಲಿ ತಲೆ ಬಗ್ಗಿಸಿಕೊಂಡ ಒಂದು ಬಿಳಿಚು ಮೊಳಕೆ, ತಡವಾಗಿ ಶಾಲೆಗೆ ಬಂದವರ ಹಾಗೆ.

ಅಜ್ಜಿ ಯಾರನ್ನೂ ಕೂಗುವುದಿಲ್ಲ. ಬಾಗಿಲಿಂದ ಬರುವವರಿಗೆ ಬಿರುಕು ನೇರ ಕಾಣುವಂತೆ ಲೋಟವನ್ನು ಒಂದಿಷ್ಟು ತಿರುಗಿಸಿಟ್ಟು ಪೊರಕೆ ಎತ್ತಿಕೊಳ್ಳುತ್ತಾರೆ. ಎಂಟೂವರೆಗೆ ಒಂದನೇ ತರಗತಿಯಿಂದ ಜುಟ್ಟಮ್ಮನ ಕಿರುಚಾಟ ಕೇಳುತ್ತದೆ: "ಕಾಯ್ತಾ ಇತ್ತು! ನಾನೇ ಫಸ್ಟ್ ನೋಡಿದ್ದು!"

"ಹದಿನೈದು ದಿನ ನಾನು ಏನೂ ಮಾಡ್ಲಿಲ್ಲ. ಅಷ್ಟು ಕಷ್ಟದ ಕೆಲಸ ಈ ಜನ್ಮದಲ್ಲಿ ಮಾಡಿರ್ಲಿಲ್ಲ," ಎನ್ನುತ್ತ ಬೀಗದಜ್ಜಿ ಕಾರಿಡಾರಿನ ಕಸ ಒಟ್ಟು ಮಾಡುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ.

"ಫಸ್ಟ್ ನೋಡಿದ್ದು ನಾನು. ಬರ್ಕೊಳ್ಳಿ, ಪರವಾಗಿಲ್ಲ. ಅವಳು ಪೇಪರ್ ಓದೋಕೆ ಇನ್ನೂ ಎರಡು ವರ್ಷ ಇದೆ."