ರಾಗಿ ಹೊಲದ ಮೂರು ವೃತ್ತ

ನಾನು ಹೊಳಲ್ಕೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಭಾನುವಾರ ರಾಮಗಿರಿ ಬೆಟ್ಟ ಹತ್ತಿ ಕೆಳಗೆ ನೋಡಿದರೆ, ರಾಗಿ ಹೊಲದಲ್ಲಿ ಒಂದಕ್ಕೊಂದು ತಾಗಿದ ಮೂರು ಕಡುಹಸಿರು ವೃತ್ತಗಳು! ಹಿಂದಿನ ದಿನವಷ್ಟೇ ನಾನು ಬೋರ್ಡಿನ ಮೇಲೆ ಬರೆದಿದ್ದ ಚಿತ್ರವೂ ಅದೇ. ಆಕಾಶದಿಂದ ಯಾರೋ ನನಗೇ ಉತ್ತರ ಕೊಟ್ಟರೆಂದುಕೊಂಡು ಓಡೋಡಿ ಇಳಿದೆ.

ಬದುವಿನ ಮೇಲೆ ಕುರಿ ಕಾಯುತ್ತಿದ್ದ ಅಜ್ಜಿಯನ್ನು, "ಇದನ್ನ ಯಾರು ಬರೆದರಜ್ಜಿ?" ಎಂದು ಕೇಳಿದೆ.

"ನಮ್ಮ ಕುರಿಗಳು," ಅಂತ ಅಜ್ಜಿ ನಕ್ಕರು. "ಬಿತ್ತೋಕೆ ಮುಂಚೆ ಇಲ್ಲಿ ಮೂರು ರಾತ್ರಿ, ಜಾಗ ಬದಲಿಸಿ ಮಂದೆ ನಿಲ್ಲಿಸಿದ್ವಿ. ಗೊಬ್ಬರ ಬಿದ್ದ ಕಡೆ ಪೈರು ಕಪ್ಪಗೈತೆ."

"ಇಷ್ಟು ದುಂಡಗೆ ಹ್ಯಾಗೆ?"

"ಮಂದೆ ಸುತ್ತ ಬಲೆ ಚೌಕ ಕಟ್ಟಿದ್ರೆ ನೂಕಾಟದಾಗೆ ಮರಿಗಳು ಮೂಲೇಲಿ ಸಿಕ್ಕಿ ಸಾಯ್ತಾವೆ ಸ್ವಾಮಿ. ಅದಕ್ಕೇ ದುಂಡಗೆ ಕಟ್ತೀವಿ. ಕುಂತ್ಕಳ್ರಿ, ನೀರು ಕುಡೀರಿ."

ವೃತ್ತಕ್ಕೆ ಮೂಲೆಯಿಲ್ಲ ಅಂತ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಯಾಕಿರಬಾರದು ಅಂತ ನನಗೆ ತಿಳಿದದ್ದು ಮಾತ್ರ ಅವತ್ತೇ.