ಸಕ್ಕರೆಯಿಲ್ಲದ ಡಬ್ಬಿ

ನಮ್ಮ ಹೋಟೆಲಿನ ಬಲ್ಬು ಹಳದಿಯಾಗಿದೆ ಎಂದು ಮೊದಲು ಹೇಳಿದವರು ಧಾರವಾಡ ಕಡೆಯ ಒಬ್ಬ ಹಿರಿಯರು. ಗೋರೆಗಾಂವ್ ಸ್ಟೇಷನ್ನಿನ ಪಕ್ಕದ ನನ್ನ ಹೋಟೆಲಿಗೆ ವರ್ಷಗಟ್ಟಲೆ ಬಂದವರು. ಹತ್ತಿರದ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ಸಂಜೆ ಬೊರಿವಲಿಯ ಲೋಕಲ್ ರೈಲು ಹಿಡಿಯುವ ಮುಂಚೆ ಬರುತ್ತಿದ್ದರು. ರಿಟೈರ್ ಆದ ಮೇಲೂ ಬಿಡಲಿಲ್ಲ, ನನ್ನ ಕಷಾಯ ಕುಡಿಯುವುದಕ್ಕೆಂದೇ ಬೊರಿವಲಿಯಿಂದ ಬರುತ್ತಿದ್ದರು. ಆ ದಿನ ಗ್ಲಾಸು ಹಿಡಿದು ಮೇಲೆ ನೋಡುತ್ತಾ, "ಏನ್ರೀ ಮಾಲಕರ, ಬಲ್ಬ್ ಬದಲಿ ಮಾಡೀರೇನು? ಎಲ್ಲಾ ಹಳದಿ ಹಳದಿ ಕಾಣಸಾಕತ್ತೈತಿ" ಎಂದರು. ಬಲ್ಬು ಹಳೆಯದೇ. "ಹೌದು ಸರ್, ನಿಮಗೆ ಅರಿಶಿನ ಹಚ್ಚಿ ಎರಡನೇ ಮದುವೆ ಮಾಡಿಸುವ ಅಂತ" ಎಂದೆ. ಇಡೀ ಹೋಟೆಲು ನಕ್ಕಿತು, ಅವರೂ ನಕ್ಕರು. ಮನೆಗೆ ಹೋಗಿ ಹೆಂಡತಿಗೂ ಹೇಳಿ ನಗಿಸಿದೆ.

ಅದಾಗಿ ಕೆಲವು ದಿನ ಅವರು ಬರಲಿಲ್ಲ. ಅವರ ಹೆಂಡತಿಯೇ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. "ಬಾಯಿಗೆ ಏನೂ ರುಚಿ ಹತ್ತವಲ್ದರೀ. ನಿಮ್ಮ ಕಷಾಯ ಒಂದ ಕೇಳ್ತಾರ" ಎಂದರು. ನಾನು ಡಬ್ಬಿಗೆ ಪುಡಿ ತುಂಬಿ, ಪ್ರೀತಿಗೆ ಎಂದು ಮೇಲಿನಿಂದ ಇನ್ನಷ್ಟು ಜ್ಯೇಷ್ಠಮಧು ಹಾಕಿ ಕೊಟ್ಟೆ. ಎರಡು ವಾರದೊಳಗೆ ಆ ಹಿರಿಯರು ತೀರಿಹೋದ ಸುದ್ದಿ ಬಂತು. ಹಾರ್ಟ್ ಎಂದರು. ಆ ವಯಸ್ಸಿಗೆ ಹಾರ್ಟ್ ಅಲ್ಲದೆ ಇನ್ನೆಂತ ಎಂದುಕೊಂಡು, ಬೊರಿವಲಿಗೆ ಹೋಗಿ ಕೈಮುಗಿದು ಬಂದೆ.

ಈ ಜ್ಯೇಷ್ಠಮಧುವಿನ ಸಂಗತಿ ಹೇಳಬೇಕು. ನಮ್ಮ ಉಡುಪಿ ಕಡೆಯವರಿಗೆ ಕಷಾಯ ಅಂದರೆ ಮದ್ದಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕುದಿಸಿದರೆ ಆಯಿತು. ಚಹಾ ಕಾಫಿಯ ಸಾಲಿನಲ್ಲೇ ಅದರ ಹೆಸರನ್ನೂ ಬೋರ್ಡಿನಲ್ಲಿ ಬರೆದಿರುತ್ತೇವೆ. ಧಾರವಾಡದ ಹಿರಿಯರಿಗೆ ಶುಗರ್ ಇತ್ತು, ಬೆಲ್ಲ ಕೂಡದು. ಆಗ ನನಗೆ ಹೊಳೆದದ್ದು ಜ್ಯೇಷ್ಠಮಧು. ಸಕ್ಕರೆಯಿಲ್ಲದೆಯೂ ಸಿಹಿ ಕೊಡುವ ಬೇರು, ಪಾತ್ರೆಗೆ ಒಂದು ತುಂಡು ಬಿದ್ದರೆ ಸಾಕು. ನಾನು ಒಂದು ತುಂಡಿನಲ್ಲಿ ನಿಲ್ಲುವವನಲ್ಲ. ಮುಷ್ಟಿಗಟ್ಟಲೆ ಹಾಕಿ ಪುಡಿ ಮಾಡಿ ಬೇರೆಯೇ ಡಬ್ಬಿಯಲ್ಲಿಟ್ಟೆ. ಸಕ್ಕರೆಯಿಲ್ಲದ ಡಬ್ಬಿ ಎಂದೇ ಅದಕ್ಕೆ ಹೆಸರಾಯಿತು. ಅದು ನನ್ನ ಸ್ವಂತ ಬುದ್ಧಿ ಎಂಬ ಜಂಬ ನನಗೆ ಬಹಳ ಇತ್ತು.

ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು ನಾನು ಮನೆಯಲ್ಲಿ ಕೂತ ವರ್ಷವೇ ಹೆಂಡತಿಗೆ ಉಸಿರು ಕಟ್ಟತೊಡಗಿತು. ಹೃದಯದ ಬಡಿತ ತಾಳ ತಪ್ಪಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು ಡಾಕ್ಟರು. ಬಡಿತಕ್ಕೆ ಒಂದು ಪುಟ್ಟ ಬಿಳಿ ಮಾತ್ರೆ, ನೀರು ಇಳಿಯಲು ಇನ್ನೊಂದು. ಕಾಫಿ ಬಂದ್, ಸಕ್ಕರೆ ಬಂದ್. ಅವಳು ಕಾಫಿಯಿಲ್ಲದೆ ಕಣ್ಣು ಬಿಡದ ಹೆಂಗಸು. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ನಾನು ಎದ್ದು ಹೋಗಿ, ಹೋಟೆಲಿನಿಂದ ತಂದಿಟ್ಟಿದ್ದ ಸಕ್ಕರೆಯಿಲ್ಲದ ಡಬ್ಬಿ ತೆಗೆದು ಕಷಾಯ ಕುದಿಸಿದೆ.

ಗ್ಲಾಸು ಕೈಗೆ ಕೊಟ್ಟಾಗ ಅವಳು ನನ್ನನ್ನೇ ನೋಡಿದಳು. "ಊರಿಗೆಲ್ಲ ಮಾಡಿ ಕೊಟ್ರಿ. ನನಗೆ ಇವತ್ತಲ್ವಾ ಸಿಕ್ಕಿದ್ದು!" ಎಂದಳು. ಹೌದು, ಮದುವೆಯಾಗಿ ನಲವತ್ತು ವರ್ಷದಲ್ಲಿ ಅವಳಿಗೆ ನಾನು ಕೈಯಾರೆ ಮಾಡಿ ಕೊಟ್ಟ ಮೊದಲ ಗ್ಲಾಸು ಅದು. ನಾಚಿಕೆಯಾಯಿತು, ತೋರಿಸಿಕೊಳ್ಳಲಿಲ್ಲ. ಅಂದಿನಿಂದ ದಿನಕ್ಕೆ ನಾಲ್ಕು ಗ್ಲಾಸು, ನಾನೇ ಮಾಡುತ್ತಿದ್ದೆ, ಎದುರು ಕೂತು ಕುಡಿಸುತ್ತಿದ್ದೆ. ಎರಡು ಮಾತ್ರೆಗಳನ್ನೂ ಅವಳು ಅದರಲ್ಲೇ ನುಂಗುತ್ತಿದ್ದಳು.

ಒಂದೂವರೆ ತಿಂಗಳಿಗೆ ಪಾದ ಊದಿಕೊಂಡಿತು. ನೀರಿನ ಮಾತ್ರೆ ತಿಂದೂ ಊತವೇ ಎಂದು ಡಾಕ್ಟರರನ್ನು ಬೈದುಕೊಂಡು, ಕಷಾಯಕ್ಕೆ ಜೀರಿಗೆ ಹೆಚ್ಚು ಮಾಡಿದೆ. ಆಮೇಲೆ ಕೈಕಾಲು ಸೋಲತೊಡಗಿತು. ಬಿಲ್ಡಿಂಗಿನ ಎರಡು ಮೆಟ್ಟಿಲು ಹತ್ತಿ ನಿಲ್ಲುವಳು, ಚಪಾತಿ ಲಟ್ಟಿಸುತ್ತಾ ಲಟ್ಟಣಿಗೆ ಬಿಡುವಳು. ನಿಶ್ಶಕ್ತಿ ಎಂದು ಇನ್ನೊಂದು ಗ್ಲಾಸು ಸೇರಿಸಿದೆ. ಒಂದು ಬೆಳಿಗ್ಗೆ, "ಇವತ್ತು ಬೇಡ ಮಾರಾಯ್ರೆ, ವಾಕರಿಕೆ ಬರ್ತದೆ" ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

"ವಾಕರಿಕೆಗೇ ಇದನ್ನು ಕೊಡುದು. ಬಾಯಿ ಮುಚ್ಚಿಕೊಂಡು ಕುಡಿ."

"ಬಾಯಿ ಮುಚ್ಚಿಕೊಂಡ್ರೆ ಕುಡಿಯುದು ಹೇಗೆ?" ಎಂದು ಕುಡಿದಳು. ಪಾಪ, ಪೂರ್ತಿ ಕುಡಿದಳು.

ತಪಾಸಣೆಗೆ ಹೋದಾಗ ಡಾಕ್ಟರು ಬ್ಲಡ್ ಪ್ರೆಷರ್ ಏರಿದ್ದನ್ನು ನೋಡಿ ಹುಬ್ಬು ಗಂಟು ಹಾಕಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಿಂದಿಯಲ್ಲಿ ಕೇಳಿದರು, ಬೇರೆ ಏನಾದರೂ ಮದ್ದು ತಗೊಳ್ತಾರಾ, ಆಯುರ್ವೇದ, ಹೋಮಿಯೋಪಥಿ, ಮನೆಮದ್ದು, ಏನಾದರೂ? ನನಗೆ ಅವಮಾನವಾದಂತಾಯಿತು. ಯಾರ‍್ಯಾರದೋ ಪುಡಿ ತಿನ್ನಿಸುವ ಜನ ನಾವಲ್ಲ. "ಕುಛ್ ನಹೀ, ಮೇಡಂ. ಆಪ್ ಕಾ ದವಾ, ಬಸ್" ಎಂದೆ. ಹಾಗೆ ಹೇಳುವಾಗ ಕಷಾಯದ ಫ್ಲಾಸ್ಕು ನನ್ನ ಹೆಗಲ ಚೀಲದಲ್ಲೇ ಇತ್ತು. ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಕಾಫಿ ಕುಡಿಯುತ್ತಿದ್ದರೆ ಅದನ್ನೇನು ಮದ್ದು ಎಂದು ಹೇಳುತ್ತಿದ್ದೆನೇ? ರಕ್ತ ಪರೀಕ್ಷೆಗೆ ಚೀಟಿ ಕೊಟ್ಟರು. ಅವಳಿಗೆ ಸುಸ್ತು, ಸೋಮವಾರ ಹೋದರಾಯಿತು ಎಂದು ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳು ಒಂದು ತುತ್ತು ತಿಂದು ಬಟ್ಟಲು ದೂಡಿ, ಮೇಲೆ ನೋಡಿದಳು.

"ಎಂತ, ಟ್ಯೂಬ್‌ಲೈಟ್ ಬದಲಾಯಿಸಿದ್ರಾ? ಹಳದಿ ಕಾಣ್ತದೆ."

ಈ ಮಾತನ್ನು ಹಿಂದೆ ಎಲ್ಲೋ ಕೇಳಿದ್ದೇನೆ ಎಂದು ಗೊತ್ತಾಯಿತು, ಎಲ್ಲಿ ಎಂದು ಹುಡುಕುವ ಧೈರ್ಯವಾಗಲಿಲ್ಲ. ಮಾಡಿದ್ದೇನು? ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೊಸ ಟ್ಯೂಬ್ ತಂದು ಹಾಕಿದೆ! ಸ್ಟೂಲಿನ ಮೇಲೆ ನಿಂತು, "ಈಗ?" ಎಂದು ಕೇಳಿದೆ.

"ಈಗಲೂ ಹಳದಿ. ಗೋಡೆಯೂ ಹಳದಿ, ನಿಮ್ಮ ಬನಿಯನ್ನೂ ಹಳದಿ."

"ಬನಿಯನ್ ಹಳದಿ ಆದದ್ದು ನೀನು ಒಗೆಯುವ ಚಂದಕ್ಕೆ" ಎಂದೆ. ಅವಳು ನಗಲಿಲ್ಲ. ನಾನು ಇಳಿದು ಹೋಗಿ ಕಷಾಯ ಕುದಿಸಿದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು, ಹಿಂದೆಯೇ ಅವಳು ಬಿದ್ದ ಸದ್ದು. ಮಗಳು ಆಫೀಸಿಗೆ ಹೊರಟವಳು ಬಾಗಿಲಿನಿಂದ ಓಡಿ ಬಂದಳು. ನಾನು ನಾಡಿ ಹಿಡಿದೆ. ಒಂದು ಹೊಡೆತ, ಆಮೇಲೆ ಏನೂ ಇಲ್ಲ, ಆಮೇಲೆ ಮೂರು ಒಟ್ಟಿಗೆ. ರಿಕ್ಷಾದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದೇವರೇ, ಇವಳನ್ನು ಬಿಟ್ಟುಬಿಡು, ಬೇಕಾದರೆ ನನ್ನನ್ನು ಕರೆದುಕೋ ಎಂದು ಇಡೀ ದಾರಿ ಬೇಡಿದೆ. ಅಷ್ಟಾದರೂ ಮನೆಯಿಂದ ಹೊರಡುವಾಗ ಫ್ಲಾಸ್ಕು ತೆಗೆದುಕೊಳ್ಳಲು ನಾನು ಮರೆತಿರಲಿಲ್ಲ.

ಐಸಿಯುವಿನಲ್ಲಿ ವೈರುಗಳನ್ನು ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟು ಬಾಯಾರಿಕೆ ಎಂದಳಂತೆ. ಎರಡು ಗುಟುಕು ನೀರು ಕೊಡಬಹುದು ಎಂದು ನರ್ಸ್ ನನ್ನನ್ನೂ ಮಗಳನ್ನೂ ಒಳಗೆ ಬಿಟ್ಟರು. ನೀರು ಯಾಕೆ, ನನ್ನ ಹತ್ತಿರ ಬಿಸಿ ಬಿಸಿ ಕಷಾಯವಿದೆಯಲ್ಲ! ಮುಚ್ಚಳಕ್ಕೆ ಬಗ್ಗಿಸಿ ತುಟಿಯ ಹತ್ತಿರ ಹಿಡಿದಿದ್ದೆ. ಅಷ್ಟರಲ್ಲಿ ಆ ಡಾಕ್ಟರು ಬಂದರು.

"ಯೇ ಕ್ಯಾ ಹೈ, ಅಂಕಲ್?"

"ಕಷಾಯ, ಮೇಡಂ. ನಮ್ಮ ಹೋಟೆಲಿನ ಸ್ಪೆಷಲ್." ಗಿರಾಕಿಗೆ ಹೇಳುವ ಹಾಗೆ ಏನೇನು ಹಾಕಿದ್ದೇನೆಂದು ಪಟ್ಟಿ ಒಪ್ಪಿಸಿದೆ. ಜ್ಯೇಷ್ಠಮಧು ಎಂದದ್ದು ಅವರಿಗೆ ತಿಳಿಯಲಿಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ, "ಮುಲೇಠಿ" ಎಂದಳು.

ಡಾಕ್ಟರು ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡರು. ಎಷ್ಟು, ಎಷ್ಟು ದಿನದಿಂದ ಎಂದು ಕೇಳಿದರು. ದಿನಕ್ಕೆ ನಾಲ್ಕು, ಈಚೆಗೆ ಐದು, ಎರಡು ತಿಂಗಳು ಎಂದೆ. ಅವರು ಮಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಕೇಳುತ್ತಾ ಕೇಳುತ್ತಾ ಮಗಳ ಮುಖ ಬಿಳಿಚಿತು.

"ಪಪ್ಪಾ, ಅದು ಇದೆ ನಾ, ಮುಲೇಠಿ, ಅದು ಬಾಡಿಯಿಂದ ಪೊಟ್ಯಾಷಿಯಂ ತೆಗೆದು ಹಾಕ್ತದೆ. ನೀರಿನ ಗೋಲಿ ಭೀ ಅದೇ ಮಾಡ್ತದೆ. ಪೊಟ್ಯಾಷಿಯಂ ಕಮ್ಮಿ ಆದ್ರೆ ಆ ವೈಟ್ ಗೋಲಿ… ಅದು ಪಾಯ್ಸನ್ ಆಗ್ತದೆ. ಹಾರ್ಟಿಗೆ. ವಾಕರಿಕೆ, ಎಲ್ಲ ಯೆಲ್ಲೋ ಕಾಣುದು, ಸಬ್ ಅದರಿಂದಲೇ."

"ಎಂತ ಮಾತಾಡ್ತೀ! ನಲವತ್ತು ವರ್ಷ ಇಡೀ ಗೋರೆಗಾಂವ್ ಕುಡಿದಿದೆ ನನ್ನ ಕಷಾಯ" ಎಂದು ಐಸಿಯುವಿನಲ್ಲೇ ಕೂಗಾಡಿದೆ. ಡಾಕ್ಟರು ದನಿ ಏರಿಸಲಿಲ್ಲ. ಇಡೀ ಗೋರೆಗಾಂವ್ ಈ ಎರಡು ಮಾತ್ರೆ ತಗೊಳ್ಳುತ್ತಿಲ್ಲ ಅಂಕಲ್, ಇವರು ತಗೊಳ್ಳುತ್ತಿದ್ದಾರೆ ಎಂದರು. ಆಮೇಲೆ ಫ್ಲಾಸ್ಕನ್ನು ನರ್ಸಿನ ಕೈಗೆ ಕೊಟ್ಟು ಚೆಲ್ಲಿಸಿದರು.

ಹೊರಗೆ ಬೆಂಚಿನ ಮೇಲೆ ಎರಡು ದಿನ ಕೂತೆ. ಪ್ರತಿ ಬಾರಿ ಬಾಗಿಲು ತೆರೆದಾಗಲೂ ಎದ್ದು ನಿಲ್ಲುತ್ತಿದ್ದೆ. ಬಿಳಿ ಮಾತ್ರೆ ನಿಲ್ಲಿಸಿ, ರಕ್ತನಾಳಕ್ಕೆ ಪೊಟ್ಯಾಷಿಯಂ ಹನಿ ಹನಿಯಾಗಿ ಬಿಡುತ್ತಿದ್ದರು. ಬಡಿತ ಹಳಿಗೆ ಬಂದರೆ ಬಂತು, ಇಲ್ಲವಾದರೆ ಹೇಳಲಾಗದು ಎಂದಿದ್ದರು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಬೈದಿದ್ದರೆ ವಾಸಿಯಿತ್ತು.

ಬಡಿತ ಹಳಿಗೆ ಬಂತು. ಮೂರನೆಯ ದಿನ ಅವಳನ್ನು ವಾರ್ಡಿಗೆ ತಂದರು. ನಾನು ಮಂಚದ ಪಕ್ಕ ನಿಂತು ಎಲ್ಲ ಹೇಳಿ, "ನಾನೇ ಕೊಲ್ಲುತ್ತಿದ್ದೆ ಮಾರಾಯ್ತಿ" ಎಂದು ಹಸುಳೆಯ ಹಾಗೆ ಅತ್ತೆ. ಅವಳು ನನ್ನ ಕೈ ಸವರಿದಳು. "ನನಗೆ ಅದು ಕುಡಿದಾಗಲೇ ಹೊಟ್ಟೆ ತೊಳೆಸುದು ಅಂತ ಗೊತ್ತಿತ್ತು. ನೀವು ಎದುರು ಕೂತ್ಕೊಳ್ತಿದ್ರಲ್ಲ, ಅದಕ್ಕೆ ಕುಡಿದೆ" ಎಂದಳು. ಕಣ್ಣು ಮುಚ್ಚಿದವಳು ಮತ್ತೆ ಬಿಟ್ಟಳು.

"ನಿಮ್ಮ ಆ ಧಾರವಾಡದವರು. ಬಲ್ಬು ಹಳದಿ ಅಂದವರು. ಅವರಿಗೂ ಅದೇ ಡಬ್ಬಿಯದ್ದಲ್ವಾ ಕೊಡ್ತಿದ್ದದ್ದು?"

"ಸುಮ್ಮನೆ ಮಲಗು" ಎಂದು ಗದರಿದೆ.

ಅವಳು ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಲೋಕಲ್ ಹತ್ತಿ ಬೊರಿವಲಿಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯಿಡೀ ಉರು ಹೊಡೆದಿದ್ದೆ. ಆ ಹಿರಿಯರ ಹೆಂಡತಿ ಬಾಗಿಲು ತೆರೆದು, "ಅಯ್ಯ, ನೀವಾ! ಬರ್ರಿ, ಕೂಡ್ರಿ" ಎಂದು ಖುಷಿಪಟ್ಟರು. ಯಜಮಾನರು ಯಾವ ಮಾತ್ರೆ ತಗೊಳ್ಳುತ್ತಿದ್ದರು ಎಂದು ಕೇಳಿದೆ. ಯಾಕೆ ಎಂದೂ ಕೇಳದೆ, ಗಂಡನ ಕನ್ನಡಕ, ವಾಚು ಇಟ್ಟಿದ್ದ ಪೆಟ್ಟಿಗೆ ತಂದು ತೆರೆದರು. ಅರ್ಧ ಮುಗಿದ ಎರಡು ಪಟ್ಟಿ ಮಾತ್ರೆ. ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಇರುವವೇ, ಅದೇ ಹೆಸರು, ಅದೇ ಪುಟ್ಟ ಬಿಳಿ ಗುಳಿಗೆ.

"ದವಾಖಾನ್ಯಾಗೂ ನಿಮ್ಮ ಕಷಾಯನ ಒಯ್ದು ಕೊಟ್ಟೇನ್ರೀ. ಡಾಕ್ಟರ್ ಕೇಳಿದ್ರು, ಏನರ ಔಷಧ ಕೊಡ್ತೀರೇನಂತ. ಇಲ್ರೀ, ಬರೇ ಕಷಾಯ ಅಂತ ಮನಸಿನಾಗ ಅಂದಕೊಂಡು ಸುಮ್ಮನಿದ್ದೆ. ಕಡೀಕ ಚಮಚದಾಗ ಬಾಯಿಗೆ ಹಾಕಿದ್ದೂ ಅದನ್ನ. ನಿಮ್ಮಿಂದ ಅವರ ಜೀವಾ ತಂಪಾತು."

ನಾನು ಮಾತ್ರೆಯ ಪಟ್ಟಿಗಳನ್ನು ಪೆಟ್ಟಿಗೆಯೊಳಗೆ ವಾಪಸು ಇಟ್ಟೆ. ಅವರು ಎದ್ದು ಹೋಗಿ ಅದೇ ಸ್ಟೀಲ್ ಡಬ್ಬಿ ತಂದು ನನ್ನ ಕೈಗಿತ್ತರು. ಖಾಲಿ ಡಬ್ಬಿ. ದಿನಾ ಒಮ್ಮೆ ಮುಚ್ಚಳ ತೆಗೆದು ಮೂಸುತ್ತಾರಂತೆ, ಗಂಡ ಪಕ್ಕದಲ್ಲಿ ಕೂತ ಹಾಗೆ ಅನಿಸುತ್ತದಂತೆ.

"ಈಗ ವಾಸನಿ ಹೋಗೇತ್ರಿ. ಒಂದೀಟು ಪುಡಿ ತುಂಬಿ ಕೊಡ್ತೀರೇನು?"

"ಆಯ್ತು" ಎಂದೆ. ಹೌದು, ಅಷ್ಟೇ ಹೇಳಿ, ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದೆ.

ಡಬ್ಬಿ ಈಗ ನಮ್ಮ ಅಡುಗೆಮನೆಯಲ್ಲಿದೆ. ಕೆಲವು ದಿನಕ್ಕೊಮ್ಮೆ ಅವರ ಫೋನ್ ಬರುತ್ತದೆ, ಪುಡಿ ಆಯಿತೇನು ಎಂದು. ಹೆಂಡತಿಯೇ ಫೋನೆತ್ತಿ ಎರಡು ಮಾತು ಆಡಿ ನನ್ನ ಕಡೆ ಚಾಚುತ್ತಾಳೆ. "ಇವತ್ತಾದ್ರೂ ಹೇಳಿ" ಎನ್ನುತ್ತಾಳೆ. ನಾನು ಫೋನ್ ತೆಗೆದುಕೊಂಡು, ಕೊತ್ತಂಬರಿ ಇನ್ನೂ ಒಣಗಿಲ್ಲ, ಮುಂದಿನ ವಾರ ತರುತ್ತೇನೆ ಅನ್ನುತ್ತೇನೆ.