ರೋಲು ಮುಗಿಸಲು ಹೋದ ಬೆಳಗುಗಳು

ಹುಣಸೂರಿನ ಚಳಿಗೆ ಅದರದೇ ಒಂದು ವಾಸನೆಯಿದೆ. ಹರಾಜಿಗೆ ಹೊರಟ ಲಾರಿಗಳಲ್ಲಿ ಗೋಣಿ ಸುತ್ತಿ ಪೇರಿಸಿದ ಹೊಗೆಸೊಪ್ಪಿನ ಘಾಟು, ಬಸ್ ಸ್ಟ್ಯಾಂಡಿನ ಬದಿಯಲ್ಲಿ ರಾಶಿ ಸುರಿದ ಅವರೆಕಾಯಿಯ ಸೊಗಡು, ಲಕ್ಷ್ಮಣತೀರ್ಥದಿಂದ ಎದ್ದು ಸೇತುವೆ ದಾಟಿ ಪೇಟೆಯೊಳಕ್ಕೆ ಬರುವ ಮಂಜಿನ ಹಸಿ, ಇವೆಲ್ಲ ಬೆರೆತ ವಾಸನೆ. ಕಣ್ಣು ಕಟ್ಟಿ ಯಾವ ಊರಲ್ಲಿ ಇಳಿಸಿದರೂ ಇದು ನಮ್ಮೂರು ಹೌದೋ ಅಲ್ಲವೋ ಎಂದು ಮೂಗಿನಿಂದಲೇ ಹೇಳಿಬಿಡುತ್ತೇನೆ. ನಾನಿರುವುದು ಮೈಸೂರಿನಲ್ಲಿ. ಆದರೂ ಚಳಿ ಬಿತ್ತೆಂದರೆ ಭಾನುವಾರದ ಮೊದಲ ಬಸ್ಸು ಹಿಡಿದು, ಕೊರಳಿಗೆ ಕ್ಯಾಮೆರಾ ತಗುಲಿಸಿಕೊಂಡು ಇಲ್ಲಿಗೆ ಬಂದು ಬೀದಿ ಸುತ್ತುತ್ತೇನೆ. ಕಿವಿಗೆ ಟವೆಲು ಸುತ್ತಿಕೊಂಡು ಸ್ಕೂಟರು ಒರೆಸುವವನು, ಹೊಗೆಸೊಪ್ಪಿನ ಮೂಟೆಯ ಮೇಲೆ ಮುದುಡಿ ಮಲಗಿದ ನಾಯಿ, ಗುರುಪುರದ ಬಸ್ಸಿಗೆ ಕಾಯುತ್ತಾ ಜಪಮಣಿ ಎಣಿಸುವ ಟಿಬೆಟಿನ ಅಜ್ಜಿ, ಎಲ್ಲರೂ ನನ್ನ ಕ್ಯಾಮೆರಾದೊಳಗೆ ಬಂದು ಹೋಗುತ್ತಾರೆ. ಐವತ್ತು ಮುಟ್ಟುತ್ತಿರುವ ಹೆಂಗಸು ಬೆಳಬೆಳಗ್ಗೆ ಹೀಗೆ ಅಲೆದರೆ ಜನ ಪೇಪರಿನವಳಿರಬೇಕು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದು ಸುಮ್ಮನಿರುತ್ತೇನೆ.

ಈ ವಾಸನೆಯಲ್ಲಿ ಈಗ ಒಂದು ಕಡಿಮೆಯಾಗಿದೆ, ಫೋಟೊ ತೊಳೆಯುವ ಹೈಪೊ ದ್ರಾವಣದ್ದು. ಹುಳಿ ಹುಳಿಯಾದ ಆ ವಾಸನೆ ನಮ್ಮ ಮನೆಯದು. ಪೇಟೆ ಬೀದಿಯಲ್ಲಿ ಮುಂದುಗಡೆ ಅಪ್ಪನ ಸ್ಟುಡಿಯೊ, ಹಿಂದುಗಡೆ ನಾವು ಮೂವರು, ನಡುವೆ ಬಚ್ಚಲುಮನೆ. ಆ ಬಚ್ಚಲೇ ಅಪ್ಪನ ಕತ್ತಲೆ ಕೋಣೆ. ಅಪ್ಪ ಒಳಗೆ ಹೋಗಿ ಅಗುಳಿ ಹಾಕಿಕೊಂಡರೆ ನಮ್ಮ ಸ್ನಾನ, ಶಾಲೆಯ ಗಂಟೆ, ಅಮ್ಮನ ಪೂಜೆ ಎಲ್ಲವೂ ಹೊರಗೆ ಕಾಯಬೇಕು. ಚಳಿಗಾಲದಲ್ಲಂತೂ ಫಿಲ್ಮು ತೊಳೆಯುವ ನೀರು ತಣ್ಣಗಾದರೆ ಚಿತ್ರ ಮೂಡುವುದೇ ಇಲ್ಲ. ಅದಕ್ಕೆ ಅಮ್ಮ ಬೆಳಗಿನ ಜಾವವೇ ಎದ್ದು ಬಚ್ಚಲಿನ ಹೊರಗಿದ್ದ ಹಂಡೆಗೆ ಉರಿ ಹಾಕುತ್ತಿದ್ದಳು. ಹಂಡೆಯ ಮೊದಲ ಚೊಂಬು ಅಪ್ಪ ಫಿಲ್ಮು ತೊಳೆಯುವ ತಟ್ಟೆಗೆ, ಆಮೇಲೆ ನನ್ನ ತಲೆಗೆ. "ಊರವ್ರ ಮದ್ವೆಗೆಲ್ಲಾ ಮೊದ್ಲು ನೀರು ಉಯ್ಯೋಳು ನಾನೇ ಕಣೇ," ಎಂದು ಅಮ್ಮ ನಗುತ್ತಿದ್ದಳು. ಎಷ್ಟೋ ಮದುವೆಗಳ ಧಾರೆ ನಮ್ಮ ಹಂಡೆಯ ಬಿಸಿನೀರಿನಲ್ಲೇ ಕಣ್ಣು ಬಿಟ್ಟಿದ್ದು ನಿಜ.

ಧನುರ್ಮಾಸ ಬಂದರೆ ಮದುವೆಗಳಿಲ್ಲ. ಹಾಗಾಗಿ ಅದರ ಹಿಂದಿನ ವಾರಗಳಲ್ಲಿ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಅಪ್ಪನಿಗೆ ಉಸಿರಾಡಲು ಬಿಡುವಿಲ್ಲ. ಒಂದು ರೋಲಿನಲ್ಲಿ ಮೂವತ್ತಾರು ಚಿತ್ರ. ಮದುವೆ ಮುಗಿದಾಗ ಎರಡೋ ಮೂರೋ ಉಳಿದಿರುತ್ತಿದ್ದವು. ಮದುವೆಮನೆಯವರು ಚಿತ್ರಕ್ಕಾಗಿ ದುಂಬಾಲು ಬಿದ್ದಿರುತ್ತಿದ್ದರು. ಉಳಿದದ್ದನ್ನು ಖಾಲಿ ಬಿಟ್ಟು ತೊಳೆಯಲು ಅಪ್ಪನಿಗೆ ಮನಸ್ಸಾಗುತ್ತಿರಲಿಲ್ಲ. ಎಲೆಯ ಮೇಲೆ ಅನ್ನ ಬಿಟ್ಟು ಏಳುವುದೂ ಅದೂ ಅವನಿಗೆ ಒಂದೇ. "ಬಾವ್ವ, ರೋಲು ಮುಗಿಸ್ಕೊಂಡು ಬರಾನ," ಎಂದು ನನ್ನ ತಲೆಗೆ ಮಫ್ಲರು ಸುತ್ತುತ್ತಿದ್ದ. ಮಂಜಿನಲ್ಲಿ ನಾವಿಬ್ಬರೂ ಹೊರಡುತ್ತಿದ್ದೆವು. ಸೇತುವೆಯವರೆಗೆ ಹೋಗಿ, ಸಂತೆ ಮೈದಾನ ಬಳಸಿ, ಟೀ ಅಂಗಡಿಯ ಮುಂದೆ ಕೈ ಕಾಯಿಸಿಕೊಂಡು ವಾಪಸ್ಸು. ಸ್ಟುಡಿಯೊದಲ್ಲಿ ಎಲ್ಲರಿಗೂ ಗದ್ದ ಎತ್ತಿ, ನಗಿ, ಉಸಿರು ಹಿಡಿರಿ ಎನ್ನುವ ಅಪ್ಪ ಬೀದಿಯಲ್ಲಿ ಯಾರಿಗೂ ಒಂದು ಮಾತು ಹೇಳುತ್ತಿರಲಿಲ್ಲ. ಯಾರನ್ನೂ ನಿಲ್ಲಿಸಬಾರದು, ಇದ್ದ ಹಾಗೇ ತೆಗೆಯಬೇಕು. ಅಷ್ಟೇ ಅವನ ಕಟ್ಟಲೆ. ಎರಡು ಚಿತ್ರ ಉಳಿದಿದ್ದರೆ ನೂರು ಮುಖ ನೋಡಿ ತೊಂಬತ್ತೆಂಟನ್ನು ಬಿಡಬೇಕು. ನೋಡುವುದನ್ನು ನಾನು ಕಲಿತದ್ದು ಹಾಗೆ. ಈಗ ಕೈಯಲ್ಲಿರುವ ಕ್ಯಾಮೆರಾ ಸಾವಿರ ಬೇಕಾದರೂ ತೆಗೆಯುತ್ತದೆ. ನಾನು ಮಾತ್ರ ಇವತ್ತಿಗೂ ಒಂದು ಬೆಳಗಿಗೆ ನಾಲ್ಕೈದು ಸಲಕ್ಕಿಂತ ಹೆಚ್ಚು ಗುಂಡಿ ಒತ್ತುವವಳಲ್ಲ.

ಹಾಗೆ ತೆಗೆದ ಬೀದಿಯ ಚಿತ್ರಗಳನ್ನು ಅಪ್ಪ ಒಂದನ್ನೂ ಕಾಗದಕ್ಕೆ ಇಳಿಸಲಿಲ್ಲ. ನೆಗೆಟಿವ್ ಯಾರ ಮದುವೆಯದೋ ಅವರ ಮನೆಗೇ ಸೇರಬೇಕು ಎನ್ನುವುದು ಅವನ ಇನ್ನೊಂದು ಕಟ್ಟಲೆ. ಆರಾರು ಚಿತ್ರಕ್ಕೆ ಒಂದು ಪಟ್ಟಿಯಂತೆ ಕತ್ತರಿಸಿ, ಬೆಣ್ಣೆಕಾಗದದಲ್ಲಿ ಸುತ್ತಿ, ಆಲ್ಬಮ್ಮಿನ ಜೊತೆ ಕೊಟ್ಟುಬಿಡುತ್ತಿದ್ದ. ಕೊನೆಯ ಪಟ್ಟಿಯ ತುದಿಯಲ್ಲಿ ನಮ್ಮ ಚಳಿಗಾಲದ ಬೆಳಗುಗಳೂ ಹೋದವು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಮದುವೆ ನೆಗೆಟಿವ್ ಇದ್ದರೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಧಾರೆ, ಆರತಕ್ಷತೆ ಎಲ್ಲ ಆದಮೇಲೆ ಸಂಬಂಧವೇ ಇಲ್ಲದ ಒಂದು ಸೇತುವೆಯೋ ದನವೋ ಕಂಡರೆ ಅದು ನಮ್ಮದು.

ಈಗ ಅಮ್ಮನ ಮಾತು ಹೇಳಬೇಕು. ಅಮ್ಮ ಗುರುಪುರದ ಕಡೆಯ ಹೊಗೆಸೊಪ್ಪಿನ ಬೆಳೆಗಾರರ ಮಗಳು. ಹುಡುಗಿಯಾಗಿದ್ದಾಗ ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕಾಲು ಜಾರಿ, ಕಾದ ತಗಡಿನ ಕೊಳವೆಗೆ ಮುಖ ತಾಗಿ, ಒಂದು ಕೆನ್ನೆಯ ಮೇಲೆ ಹುಣಸೆ ಬೀಜದ ಬಣ್ಣದ ಕಲೆ ಉಳಿದಿತ್ತು. ಕ್ಯಾಮೆರಾ ಕಂಡರೆ ಸೆರಗನ್ನು ತಲೆಯಿಂದ ಎರಡೂ ಕೆನ್ನೆಗೆ ಎಳೆದುಕೊಂಡುಬಿಡುತ್ತಿದ್ದಳು. ಅಪ್ಪ ಗೋಗರೆದು ಒಂದೇ ಒಂದು ಸಲ ಸ್ಟುಡಿಯೊದ ಸ್ಟೂಲಿನ ಮೇಲೆ ಕೂರಿಸಿದ. ಆಮೇಲೆ ಕೆಳಗಿನಿಂದ ಬೆಳಕು ಹಾಯಿಸುವ ಕನ್ನಡಿಯ ಡೆಸ್ಕಿನ ಮೇಲೆ ನೆಗೆಟಿವ್ ಇಟ್ಟು, ಚೂಪು ಪೆನ್ಸಿಲ್ಲಿನಿಂದ ಎರಡು ದಿನ ತಿದ್ದಿದ. ಮದುವಣಗಿತ್ತಿಯರ ಮೊಡವೆ, ಅಜ್ಜಂದಿರ ಸುಕ್ಕು ಎಲ್ಲ ಅವನ ಪೆನ್ಸಿಲ್ಲಿಗೆ ಮಾಯವಾಗುತ್ತಿದ್ದವು. ಹೆಂಡತಿಯ ಕಲೆ ಬಿಟ್ಟಾನೆಯೇ? ದೊಡ್ಡದು ಮಾಡಿದ ಚಿತ್ರವನ್ನು ಅಮ್ಮ ಬಹಳ ಹೊತ್ತು ನೋಡಿದಳು. "ಚೆನ್ನಾಗವ್ಳೆ. ಯಾರಿವ್ಳು?" ಎಂದಳು. ಅಪ್ಪ ನಕ್ಕ. ಅಮ್ಮನೂ ನಕ್ಕಳು, ಆದರೆ ಆ ಚಿತ್ರವನ್ನು ಅವಳು ಮತ್ತೆ ತಿರುಗಿ ನೋಡಿದ್ದನ್ನು ನಾನು ಕಾಣೆ. ನನಗೆ ಹತ್ತು ತುಂಬುವ ಮುಂಚೆ ಜ್ವರವೊಂದು ಅವಳನ್ನು ಕರೆದುಕೊಂಡು ಹೋಯಿತು. ಗೋಡೆಯ ಮೇಲೆ ವಿಭೂತಿ, ಹಾರದ ನಡುವೆ ಉಳಿದವಳು ಆ ನುಣ್ಣನೆಯ ಕೆನ್ನೆಯವಳು.

ನನ್ನ ನೆನಪಿನ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ನಮ್ಮ ಬಚ್ಚಲಿನ ಅಗುಳಿ ಎಷ್ಟು ಸಲ ಕಿರುಗುಟ್ಟುತ್ತಿತ್ತು, ಅಮ್ಮ ಉರಿಗೆ ಹಾಕುತ್ತಿದ್ದ ತೆಂಗಿನ ಗರಿ ಹೇಗೆ ಚಟಪಟ ಎನ್ನುತ್ತಿತ್ತು, ಕೇಳಿ, ಹೇಳುತ್ತೇನೆ. ಆದರೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಒಂದು ದಿನ ಅವಳಿಗೆ ಅಜ್ಜಿಯ ಕಥೆ ಹೇಳುತ್ತಾ ಕಲೆ ತೋರಿಸಲು ಕೈ ಎತ್ತಿದವಳು ಹಾಗೇ ನಿಂತುಬಿಟ್ಟೆ. ಕಲೆ ಯಾವ ಕೆನ್ನೆಯ ಮೇಲಿತ್ತು? ಎಷ್ಟು ನೆನೆದರೂ ಗೋಡೆಯ ಚಿತ್ರವೇ ಅಡ್ಡ ಬರುತ್ತಿತ್ತು. ಸೋದರಮಾವ ಬಲಗೆನ್ನೆ ಎಂದರು, ಅವರ ಹೆಂಡತಿ ಎಡಗೆನ್ನೆ ಎಂದು ವಾದಕ್ಕೆ ಕೂತರು. ಆ ಚಿತ್ರದ ನೆಗೆಟಿವನ್ನು, ಅವಳು ಅವರ ಮನೆಯ ಮಗಳು ಎಂದು, ತನ್ನ ಕಟ್ಟಲೆಯ ಪ್ರಕಾರ ಅಮ್ಮನ ತವರಿಗೇ ಕೊಟ್ಟಿದ್ದ ಅಪ್ಪ. ಅಲ್ಲಿ ಹೆಂಚು ಸೋರಿ ಅದು ಬೂಷ್ಟು ಹಿಡಿದು ಹೋಗಿತ್ತು. ಕಡೆಗೆ ಅಪ್ಪನನ್ನೇ ಕೇಳಿದೆ.

ಸ್ಟುಡಿಯೊ ಮುಚ್ಚಿ ಅಪ್ಪ ನನ್ನ ಜೊತೆ ಮೈಸೂರಿನಲ್ಲಿದ್ದ ಕಾಲ ಅದು. ಕೇಳಿದ ಕೂಡಲೇ ಕೈ ಬಲಗೆನ್ನೆಗೆ ಹೋಯಿತು. ಅರೆಗಳಿಗೆಯಲ್ಲಿ ಎಡಕ್ಕೆ ಬಂತು. "ಡೆಸ್ಕಿನ ಮೇಲೆ ಬಲಕ್ಕಿತ್ತು ಕಣವ್ವ," ಎಂದ. "ಆದ್ರೆ ಪೆನ್ಸಿಲ್ ಆಕಾಗ ಫಿಲ್ಮನ್ನ ಮಗುಚಿ ಇಡ್ತೀವಲ್ಲ. ಆಗ ಎಡ ಬಲ ಆಯ್ತದೆ. ಮಗುಚಿದ್ನಾ, ಇಲ್ವಾ?" ಹತ್ತಿರ ಬಿದ್ದಿದ್ದ ಪತ್ರಿಕೆ ಎತ್ತಿಕೊಂಡು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಬದುಕಿಡೀ ಜನರ ಮುಖವನ್ನು ಸ್ಟುಡಿಯೊ ಕ್ಯಾಮೆರಾದ ಗಾಜಿನ ಮೇಲೆ ತಲೆಕೆಳಗಾಗಿ, ಫಿಲ್ಮಿನಲ್ಲಿ ಹಿಂದುಮುಂದಾಗಿ ನೋಡಿದವನಿಗೆ ತನ್ನ ಹೆಂಡತಿಯ ಎಡ ಬಲ ಕಲಸಿಹೋಗಿತ್ತು. "ನಾನೇ ಅಳಿಸ್ಬುಟ್ಟೆ," ಎಂದು ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನನ್ನು ಯಾಕಾದರೂ ಕೇಳಿದೆನೋ ಎಂದು ನನಗೆ ಸಂಕಟವಾಯಿತು. ತೀರಿಕೊಳ್ಳುವ ಮುಂಚಿನ ವಾರ ಅವನಾಗಿಯೇ ಆ ಮಾತು ತೆಗೆದ. "ಒಂದ್ಸಲ ರೋಲಿನ ಕೊನೇಲಿ ಅವ್ಳು ಇದ್ಲು ಕಣವ್ವ. ಯಾರ ಮದ್ವೇದೋ ಗ್ಯಾಪ್ಕ ಬತ್ತಿಲ್ಲ. ತಿದ್ದಿಲ್ಲ ಅದನ್ನ."

ಅವತ್ತಿನಿಂದ ನನ್ನ ಚಳಿಗಾಲದ ಅಲೆದಾಟಕ್ಕೆ ಒಂದು ಗುರಿ ಬಂತು. ಅಪ್ಪ ಹೋದ ಮದುವೆಗಳ ಮನೆ ಹುಡುಕಿಕೊಂಡು ಹೋದೆ. ಕೆ.ಆರ್. ನಗರದ ಒಂದು ಮನೆಯಲ್ಲಿ ಟ್ರಂಕು ತೆಗೆದರೆ ಬರೀ ನುಸಿಗುಳಿಗೆ. ಎಚ್.ಡಿ. ಕೋಟೆಯ ಕಡೆ ಬೀಚನಹಳ್ಳಿಯಲ್ಲಿ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ ಮಂಜು, ಸೇತುವೆ, ಸೇತುವೆಯ ಮೇಲೆ ಮಫ್ಲರು ಸುತ್ತಿದ ನಾನು. ನನ್ನನ್ನು ಕಂಡು ನನಗೆ ಇಷ್ಟು ನಿರಾಸೆ ಯಾವತ್ತೂ ಆಗಿರಲಿಲ್ಲ. ಆದರೂ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನನಗಿತ್ತು. ಅಪ್ಪ ಫಿಲ್ಮಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ.

ಈ ಚಳಿಗಾಲದ ಒಂದು ಭಾನುವಾರ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಅವರೆಕಾಯಿ ಮಾರುವ ಹೆಂಗಸೊಬ್ಬರ ಕೈಯ ಚಿತ್ರ ತೆಗೆದೆ. ಅವರು ರೇಗಿದರು. "ಯಾಕವ್ವ, ಕೇಳ್ದೆ ಮಾಡ್ದೆ ಪೋಟ ಇಡೀತೀಯ? ತಲೆ ಬಾಚಿಲ್ಲ, ಏನಿಲ್ಲ!"

"ನಿಲ್ಲಿಸಿ ತೆಗೆಯಬಾರದು ಅಂತ ನಮ್ಮಪ್ಪ ಕಲಿಸಿದ್ದಾರಮ್ಮ," ಎಂದೆ.

"ಯಾರವ್ವ ಅಂತಾ ಅಪ್ಪ?"

ಪೇಟೆ ಬೀದಿಯ ಸ್ಟುಡಿಯೊ ಶಿವಣ್ಣ ಎಂದೆ. ಅವರು ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟರು. "ಅಯ್ಯೋ, ಶಿವಣ್ಣನ ಮಗಳಾ! ನನ್ ಮದ್ವೆಗೆ ಅವ್ರೇ ಅಲ್ವಾ ಪೋಟ ತೆಗ್ದಿದ್ದು. ಧನುರ್ಮಾಸಕ್ಕೆ ನಾಕೇ ದಿನ ಇತ್ತು." ಹೆಸರು ಜಯಮ್ಮ, ಊರು ಹಾರನಹಳ್ಳಿ ಎಂದರು. ಹೋದ ವರ್ಷ ಮಗಳು ಆ ಹಳೆಯ ಫಿಲ್ಮನ್ನೆಲ್ಲ ಮೈಸೂರಿಗೆ ಒಯ್ದು ಹೊಸದಾಗಿ ಪ್ರಿಂಟ್ ಹಾಕಿಸಿದಳಂತೆ. "ಕೊನೇದ್ರಲ್ಲಿ ಯಾರೋ ಎಂಗುಸು ಕುಂತವ್ಳೆ ಕಣವ್ವ. ಅವ್ರೆಕಾಳು ಇದುಕ್ತಾವ್ಳೆ. ನಮ್ ಕಡೆಯೋಳಲ್ಲ. ನಮ್ಮೆಜಮಾನ್ರ ಕೇಳುದ್ರೆ ಅವ್ರ ಕಡೆಯೋಳೂ ಅಲ್ವಂತೆ. ನೆಂಟ್ರೇ ಇರ್ಬೇಕು ಬುಡು ಅಂತ ಆಲ್ಬಮ್ಗೆ ಆಕಿದ್ದೀವಿ."

ಅವರ ಅವರೆಕಾಯಿಯಲ್ಲಿ ಉಳಿದದ್ದನ್ನೆಲ್ಲ ನಾನೇ ಚೀಲಕ್ಕೆ ತುಂಬಿಸಿಕೊಂಡು, ಅವರ ಜೊತೆಯಲ್ಲೇ ಹಾರನಹಳ್ಳಿಯ ಬಸ್ಸು ಹತ್ತಿದೆ. ಜಯಮ್ಮ ದಾರಿಯುದ್ದಕ್ಕೂ ತಮ್ಮ ಮದುವೆಯ ಊಟದ ಬಗ್ಗೆ ಹೇಳಿದರು. ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮನೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿ, ಆಲ್ಬಮ್ಮು ತಂದು ಮಡಿಲಲ್ಲಿಟ್ಟರು. ಧಾರೆ, ಆರತಿ, ಊಟದ ಪಂಕ್ತಿ, ಬಾಗಿಲಲ್ಲಿ ಅಕ್ಕಿ ಒದೆಯುವ ಹದಿನೆಂಟರ ಜಯಮ್ಮ. ಕೊನೆಯ ಹಾಳೆಯಲ್ಲಿ ನಮ್ಮ ಮನೆ.

ನಾನು ಫೋಟೊದವನ ಮಗಳು. ಮೊದಲು ಮುಖ ನೋಡಲಿಲ್ಲ. ಚಿತ್ರ ಮಗುಚಿ ಬಂದಿದ್ದರೆ ಎಂಬ ಹೆದರಿಕೆಯಿಂದ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಡಿಸೆಂಬರ್ ಎಂಬ ಅಕ್ಷರ ನೆಟ್ಟಗಿತ್ತು. ಆಮೇಲೆ ಅಮ್ಮನನ್ನು ನೋಡಿದೆ. ಹಂಡೆಯ ಒಲೆಯ ಪಕ್ಕ ಕೂತು ನೆನೆಸಿದ ಅವರೆ ಹಿದುಕುತ್ತಿದ್ದಾಳೆ. ಎರಡೂ ಕೈ ಒದ್ದೆ, ಸೆರಗು ಹೆಗಲಿಗೆ ಜಾರಿದೆ, ಅದನ್ನು ಎಳೆದುಕೊಳ್ಳುವ ಗೋಜಿಗೇ ಹೋಗದೆ ಕ್ಯಾಮೆರಾ ಕಡೆ ನೋಡಿ ಬಾಯಿ ತುಂಬಾ ನಗುತ್ತಿದ್ದಾಳೆ. ಕಲೆ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿಂದ ದವಡೆಯವರೆಗೆ. ಅಷ್ಟು ದೊಡ್ಡದಿತ್ತೆಂದು ನನಗೆ ನೆನಪೇ ಇರಲಿಲ್ಲ. ಅವಳ ಬೆನ್ನ ಹಿಂದೆ ಕತ್ತಲೆ ಕೋಣೆಯ ಬಾಗಿಲಲ್ಲಿ ಅಪ್ಪ ನಿಂತು, ಎರಡೂ ಅಂಗೈ ಚಾಚಿ, ನೆಟ್ಟಗೆ ಹಿಡಿ, ನೆಟ್ಟಗೆ ಹಿಡಿ ಎಂದು ಸನ್ನೆ ಮಾಡುತ್ತಿದ್ದಾನೆ. ಚಿತ್ರ ಸೊಟ್ಟಗಿದೆ, ಎಂಟು ವರ್ಷದ ಹುಡುಗಿಯ ಎತ್ತರದಿಂದ ತೆಗೆದದ್ದು.

ಇಷ್ಟು ವರ್ಷ ಯಾರು ತೆಗೆದರೆಂದು ಯೋಚಿಸಿಯೇ ಇರಲಿಲ್ಲ. ಅಮ್ಮ ಮುಖ ಮುಚ್ಚಿಕೊಳ್ಳದೆ ಇದ್ದದ್ದು ಕ್ಯಾಮೆರಾ ಹಿಡಿದಿದ್ದ ನನ್ನ ಮುಂದೆ. ಎಲ್ಲವನ್ನೂ ನೆನಪಿಟ್ಟಿದ್ದೇನೆ ಎಂದು ಜಂಬಪಡುವ ನಾನು ಇದನ್ನೇ ಮರೆತಿದ್ದೆ.

"ಗುರ್ತಾ?" ಎಂದರು ಜಯಮ್ಮ.

"ನಮ್ಮಮ್ಮ," ಎಂದೆ.

ಅವರು ಪಕ್ಕದಲ್ಲಿ ಕೂತರು. "ಪ್ರಿಂಟ್ ಆಕೋನು ಕೇಳ್ದ ಕಣವ್ವ," ಎಂದರು. "ಈಯಮ್ಮನ ಕೆನ್ನೆ ಮ್ಯಾಲಿನ ಕಲೆ ಕಂಪ್ಯೂಟ್ರಲ್ಲಿ ಅಳಿಸ್ಬುಡ್ಲಾ ಅಂತ. ನಾನೇ ಬ್ಯಾಡ ಬುಡಪ್ಪ ಅಂದೆ. ಯಾರ ಮನೆ ಎಣ್ಣುಮಗಳೋ ಏನೋ. ನಾಳೆ ಅವ್ರ ಕಡೆಯೋರು ಉಡುಕ್ಕೊಂಡು ಬಂದ್ರೆ ಗುರ್ತು ಸಿಗ್ಬೇಕಲ್ವಾ?"

ಆಗ ನನಗೆ ಅಳು ತಡೆಯಲಾಗಲಿಲ್ಲ. ಹೊರಗೆ ಮಂಜು ಕರಗಿ ಬಿಸಿಲು ಜಗಲಿಗೆ ಬರುತ್ತಿತ್ತು, ಕಾಲ ಬಳಿಯಿದ್ದ ಚೀಲದಿಂದ ಅವರೆಯ ಸೊಗಡು ಏಳುತ್ತಿತ್ತು. ಇದನ್ನು ಹೇಳಲು ನನಗೆ ಈಗ ಅಪ್ಪ ಒಬ್ಬನೇ ಬೇಕಿತ್ತು. ಎಡಗೆನ್ನೆ ಅಪ್ಪಾ, ಎಡಗೆನ್ನೆ.